ಗುಡಿಸಿ ಬಿಸಾಡಿದ ಸುರುಳಿಯ ಕಥೆ

ಬೆಂಗಳೂರಿನಲ್ಲಿ ಚಿಪ್ ಅಂದ್ರೆ ನಮ್ಮಂಥವರಿಗೆ ನೆನಪಾಗೋದು ಎರಡೇ. ಒಂದು ಸಿಲಿಕಾನ್ ಚಿಪ್, ಇನ್ನೊಂದು ಸಂಜೆ ಟೀ ಜೊತೆ ತಿನ್ನೋ ಆಲೂಗಡ್ಡೆ ಚಿಪ್ಸ್. ಇದೇ ಊರಿನ ಪೀಣ್ಯಕ್ಕೆ ಹೋಗಿ ಯಾವುದಾದರೂ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದರೆ ಮೂರನೇ ಅರ್ಥ ಸಿಗುತ್ತೆ. ಲೇತ್ ಮೇಲೆ ಉಕ್ಕಿನ ಸರಳು ಗಿರಗಿರ ತಿರುಗುವಾಗ ಟೂಲಿನ ಮೂತಿಯಿಂದ ಸುರುಳಿಸುರುಳಿಯಾಗಿ ಎದ್ದು ಬರುತ್ತಲ್ಲ, ಆ ಲೋಹದ ಸಿಪ್ಪೆಗೂ ಚಿಪ್ ಅಂತಲೇ ಹೆಸರು. ಮುಟ್ಟಿದರೆ ಕೈ ಸುಡುತ್ತೆ, ಎಳೆದರೆ ಬೆರಳು ಕುಯ್ಯುತ್ತೆ. ಸಂಜೆ ಹೊತ್ತಿಗೆ ಅದನ್ನೆಲ್ಲ ಗುಡಿಸಿ ಡ್ರಮ್ಮಿಗೆ ತುಂಬಿ ಗುಜರಿಗೆ ಕಳಿಸ್ತಾರೆ.

ಈ ಗುಜರಿ ಮಾಲಿಗೂ ಒಂದು ಇತಿಹಾಸ ಇದೆ. ಲೋಹ ಕೊರೆಯೋ ಕೆಲಸ ಶುರುವಾದಾಗಿನಿಂದ ಎಲ್ಲರ ಕಣ್ಣೂ ತಯಾರಾಗುವ ವಸ್ತುವಿನ ಮೇಲೆ, ಅಂದ್ರೆ ಶೆಡ್ಡಿನ ಭಾಷೆಯಲ್ಲಿ 'ಜಾಬ್' ಮೇಲೆ. ಕೆಲವೇ ಕೆಲವರು ಮಾತ್ರ ಜಾಬ್ ಪಕ್ಕಕ್ಕಿಟ್ಟು ಕೆಳಗೆ ಬಿದ್ದ ಸುರುಳಿಯನ್ನ ಎತ್ತಿಕೊಂಡು ನೋಡಿದರು. ಟೂಲಿನ ಮೂತಿ ಯಾವ ಕೋನದಲ್ಲಿ ಇರಬೇಕು ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅವರಿಂದ. ಇದರ ಜೊತೆಗೇ ಇನ್ನೊಂದು ಜಗಳವೂ ನಡೀತು. ಆ ಕೋನದ ಜ್ಞಾನ ಯಾರದ್ದು, ಸಾಣೆ ಹಿಡಿಯೋ ಕೆಲಸಗಾರನದ್ದೋ, ಲೆಕ್ಕ ಬರೆಯೋ ಮೇಲಿನವರದ್ದೋ? ಕೀಬೋರ್ಡ್ ಕುಟ್ಟಿ ಬದುಕುವ ನಮಗೂ ಆ ಜಗಳ ಸಂಬಂಧ ಇಲ್ಲದ್ದೇನಲ್ಲ.

ಕೋನ ಅಂದ್ರೆ ಏನು?

ಹಳ್ಳಿಯಲ್ಲಿ ಬೆಳೆದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ನೇಗಿಲ ಗುಳ ನೆಲಕ್ಕೆ ತೀರಾ ನೆಟ್ಟಗೆ ಕಚ್ಚಿದರೆ ಎತ್ತು ಎಳೆಯಲಾರದೆ ನಿಲ್ಲುತ್ತೆ. ತೀರಾ ಮಲಗಿಸಿದರೆ ಮೇಲ್ಮಣ್ಣು ಕೆರೆದುಕೊಂಡು ಜಾರುತ್ತೆ. ಮೇಣಿ ಹಿಡಿದವನ ಕೈಗೆ ಆ ಹದ ಗೊತ್ತು. ಬಡಗಿಯ ಕೀಸುಳಿಯಲ್ಲೂ ಹಾಗೇ, ಅಲಗು ಹಿಂದಕ್ಕೆ ವಾಲಿಕೊಂಡೇ ಕೂತಿರುತ್ತೆ.

ಲೇತ್ ಟೂಲಿನಲ್ಲಿ ಮುಖ್ಯವಾಗಿ ಎರಡು ಕೋನ ನೆನಪಿಟ್ಟುಕೊಂಡರೆ ಸಾಕು. ಚಿಪ್ ಜಾರಿ ಹೋಗೋ ಮುಖ ಎಷ್ಟು ವಾಲಿದೆ ಅನ್ನೋದು ರೇಕ್ ಕೋನ. ಮುಖ ಹಿಂದಕ್ಕೆ ವಾಲಿದ್ದರೆ ಪಾಸಿಟಿವ್ ರೇಕ್, ಚಾಕುವಿನ ಹಾಗೆ ಒಳಗೆ ನುಗ್ಗುತ್ತೆ. ಮುಂದಕ್ಕೆ ವಾಲಿದ್ದರೆ ನೆಗೆಟಿವ್ ರೇಕ್, ಎದೆ ಕೊಟ್ಟು ತಳ್ಳಿದ ಹಾಗೆ. ಇನ್ನೊಂದು ಕ್ಲಿಯರೆನ್ಸ್ ಕೋನ. ಟೂಲಿನ ಹೊಟ್ಟೆ ಆಗಷ್ಟೇ ಕತ್ತರಿಸಿದ ಮೈಗೆ ಉಜ್ಜದ ಹಾಗೆ ಬಿಡುವ ಸಂದು ಅದು.

ರೇಕ್ ಜಾಸ್ತಿ ಮಾಡಿದಷ್ಟೂ ಕತ್ತರಿಸೋದು ಸಲೀಸು. ಹಾಗಾದ್ರೆ ಎಲ್ಲವನ್ನೂ ಬ್ಲೇಡಿನ ಹಾಗೆ ಚೂಪು ಮಾಡಿಬಿಡಬಹುದಲ್ಲ? ಆಗಲ್ಲ. ಚೂಪಾದಷ್ಟೂ ಅಂಚು ತೆಳ್ಳಗಾಗುತ್ತೆ. ತೆಳು ಅಂಚಿನಿಂದ ಶಾಖ ಹಿಂದಕ್ಕೆ ಹರಿದು ಹೋಗಲ್ಲ, ಬೇಗ ಮೆತ್ತಗಾಗುತ್ತೆ, ಇಲ್ಲ ಮುರಿಯುತ್ತೆ. ಮುಂದಿನ ಇತಿಹಾಸವೆಲ್ಲ ಈ ಎರಡರ ನಡುವಿನ ಚೌಕಾಸಿಯೇ.

ಫಿರಂಗಿ ಕೊರೆದವರು

ಇಂಗ್ಲೆಂಡಿನ ಜಾನ್ ವಿಲ್ಕಿನ್ಸನ್ 1774ರಲ್ಲಿ ಫಿರಂಗಿಯ ನಳಿಗೆ ಕೊರೆಯೋ ಹೊಸ ವಿಧಾನಕ್ಕೆ ಪೇಟೆಂಟ್ ತಗೊಂಡ. ಆ ಹೊತ್ತಿಗೆ ಜೇಮ್ಸ್ ವಾಟ್‌ಗೆ ಬೇರೆಯದೇ ತಲೆನೋವು. ಅವನ ಉಗಿಯಂತ್ರದ ಐಡಿಯಾ ಚೆನ್ನಾಗಿತ್ತು, ಸಿಲಿಂಡರ್ ಮಾತ್ರ ಗುಂಡಗಿರಲಿಲ್ಲ, ಸಂದಿನಿಂದ ಉಗಿ ಸೋರಿಹೋಗ್ತಿತ್ತು. ವಿಲ್ಕಿನ್ಸನ್ ತನ್ನ ಬೋರಿಂಗ್ ಯಂತ್ರದಲ್ಲಿ ಸಿಲಿಂಡರ್ ಕೊರೆದುಕೊಟ್ಟ. ಸುಮಾರು ನಾಲ್ಕು ಅಡಿ ಅಗಲದ, ಅಂದ್ರೆ 50 ಇಂಚಿನ ಸಿಲಿಂಡರಿನಲ್ಲಿ ಹಳೇ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ವ್ಯತ್ಯಾಸ ಇಲ್ಲ ಅಂತ ವಾಟ್‌ನ ಪಾಲುದಾರ ಮ್ಯಾಥ್ಯೂ ಬೌಲ್ಟನ್ ಸಂತೋಷಪಟ್ಟು ಬರೆದ. ಅವತ್ತಿನ 'ಪ್ರಿಸಿಷನ್' ಅಷ್ಟು. ಕೈಗಾರಿಕಾ ಕ್ರಾಂತಿ ಅಂತ ಹೈಸ್ಕೂಲಿನಲ್ಲಿ ಓದ್ತೀವಲ್ಲ, ಅದರ ಹಿಂದೆ ಹೀಗೆ ಒಂದು ಕೊರೆಯೋ ಟೂಲೂ ಇತ್ತು.

ಚಿಪ್ ಕಡೆ ಗಂಭೀರವಾಗಿ ನೋಡಿದ ಮೊದಲಿಗರಲ್ಲಿ ಒಬ್ಬ ಕೌಂಟ್ ರಮ್‌ಫೋರ್ಡ್. ಹುಟ್ಟಿದ್ದು ಅಮೆರಿಕದಲ್ಲಿ, ಕೆಲಸ ಬವೇರಿಯಾದ ಮ್ಯೂನಿಕ್‌ನಲ್ಲಿ, ಫಿರಂಗಿ ತಯಾರಿಕೆಯ ಉಸ್ತುವಾರಿ. ಕೊರೆಯುವಾಗ ಲೋಹ ಇಷ್ಟೊಂದು ಯಾಕೆ ಬಿಸಿಯಾಗುತ್ತೆ ಅನ್ನೋದು ಅವನ ಪ್ರಶ್ನೆ. ಶಾಖ ಅನ್ನೋದು ಕ್ಯಾಲೋರಿಕ್ ಎಂಬ ಕಣ್ಣಿಗೆ ಕಾಣದ ದ್ರವ, ಲೋಹ ಪುಡಿಯಾದಾಗ ಅದು ಹಿಂಡಿಕೊಂಡು ಆಚೆ ಬರುತ್ತೆ ಅಂತ ಆಗಿನ ಪಂಡಿತರು ನಂಬಿದ್ದರು. ಹಾಗಿದ್ದರೆ ಚಿಪ್‌ಗಳ ಶಾಖ ಹಿಡಿಯುವ ಶಕ್ತಿ ಗಟ್ಟಿ ಲೋಹಕ್ಕಿಂತ ಕಡಿಮೆ ಇರಬೇಕಲ್ಲ? ರಮ್‌ಫೋರ್ಡ್ ಅಳೆದು ನೋಡಿದ. ಎರಡೂ ಒಂದೇ.

ಆಮೇಲೆ ಬೇಕಂತಲೇ ಮೊಂಡು ಟೂಲ್ ಹಾಕಿ, ಕುದುರೆ ಕಟ್ಟಿ, ನೀರಿನ ಪೆಟ್ಟಿಗೆಯೊಳಗೆ ಫಿರಂಗಿ ಲೋಹವನ್ನ ತಿರುಗಿಸಿದ. ಎರಡೂವರೆ ಗಂಟೆಗೆ ನೀರು ಕುದಿಯಿತು, ಒಲೆಯೇ ಇಲ್ಲದೆ! 1798ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಓದಿದ ಪ್ರಬಂಧದಲ್ಲಿ ಶಾಖ ಅಂದ್ರೆ ಚಲನೆಯೇ ಅಂತ ವಾದಿಸಿದ. ಭೌತಶಾಸ್ತ್ರದವರಿಗೆ ಇದು ದೊಡ್ಡ ಘಟನೆ. ಲೇತ್ ಮುಂದೆ ನಿಂತು ಓದಿದರೆ ಇದರಲ್ಲಿ ಇನ್ನೊಂದು ಪಾಠ ಕಾಣುತ್ತೆ. ಟೂಲಿನ ಮೂತಿ ಮೊಂಡಾದರೆ ಕುದುರೆ ಎಷ್ಟು ಎಳೆದರೂ ಚಿಪ್ ಸ್ವಲ್ಪ, ಬಿಸಿ ಅಪಾರ.

ಸೀಳುತ್ತೋ, ಜಾರುತ್ತೋ?

ಚಿಪ್ ಹೇಗೆ ಹುಟ್ಟುತ್ತೆ? ಕೊಡಲಿ ಏಟಿಗೆ ಸೌದೆ ಸೀಳುತ್ತಲ್ಲ, ಬಿರುಕು ಅಲಗಿಗಿಂತ ಮುಂದೆ ಓಡುತ್ತೆ. ಲೋಹವೂ ಹಾಗೇ ಸೀಳುತ್ತೆ ಅಂತ ಅಂದುಕೊಳ್ಳೋದು ಸಹಜ.

ಆದರೆ 1870ರಲ್ಲಿ ರಷ್ಯಾದ ಇವಾನ್ ತೀಮೆ ಬೇರೆ ಮಾತು ಹೇಳಿದ. ಟೂಲ್ ಮುಂದೆ ಲೋಹ ಒತ್ತಿ ಒತ್ತಿ, ಒಂದು ಓರೆ ಗೆರೆಯ ಉದ್ದಕ್ಕೂ ಪದರ ಪದರವಾಗಿ ಜಾರಿ ಚಿಪ್ ಆಗುತ್ತೆ ಅಂತ. 1881ರಲ್ಲಿ ಇಂಗ್ಲೆಂಡಿನ ಆರ್ನಲ್ಫ್ ಮ್ಯಾಲಕ್ ಕೂಡ ಚಿಪ್‌ಗಳನ್ನ ಸೂಕ್ಷ್ಮವಾಗಿ ನೋಡಿ ಇದನ್ನೇ ಹೇಳಿದ. ಜೊತೆಗೆ, ಚಿಪ್ ಟೂಲಿನ ಮುಖದ ಮೇಲೆ ಉಜ್ಜಿಕೊಂಡು ಹೋಗುವಾಗಿನ ಘರ್ಷಣೆಯೇ ಬಹಳ ಮುಖ್ಯ ಅಂತ ಗುರುತಿಸಿದ.

ಇವರ ಮಾತಿಗೆ ಸಾಕ್ಷಿ ಯಾವ ಶೆಡ್ಡಿನ ನೆಲದ ಮೇಲಾದರೂ ಬಿದ್ದಿರುತ್ತೆ. ಉಕ್ಕಿನಿಂದ 0.2 ಮಿಲಿಮೀಟರ್ ದಪ್ಪದ ಪದರ ತೆಗೀತಿದೀರಿ ಅಂದುಕೊಳ್ಳಿ. ಬರೋ ಚಿಪ್ ಅಳೆದರೆ ಅದರ ಎರಡರಷ್ಟು, ಕೆಲವೊಮ್ಮೆ ಮೂರರಷ್ಟು ದಪ್ಪ ಇರುತ್ತೆ. ದಪ್ಪ ಹೆಚ್ಚಿದ ಲೆಕ್ಕದಲ್ಲಿ ಉದ್ದ ಕಮ್ಮಿಯಾಗಿರುತ್ತೆ. ಟೂಲ್ ಒಂದು ಮೀಟರ್ ಕತ್ತರಿಸಿದರೆ ಚಿಪ್ ಅರ್ಧ ಮೀಟರೂ ಬರದಿರಬಹುದು. ಸೌದೆ ಹಾಗೆ ಬರೀ ಸೀಳಿದ್ದರೆ ಹೀಗೆ ಗಿಡ್ಡ ಆಗ್ತಿರಲಿಲ್ಲ. ಲೋಹ ಒಳಗೊಳಗೇ ಜಾರಿ ಮಡಿಚಿಕೊಂಡಿದೆ ಅಂತಲೇ ಅರ್ಥ.

ಇಷ್ಟಾದರೂ ವಾದ ಮುಗೀಲಿಲ್ಲ. ಜರ್ಮನಿಯ ದೊಡ್ಡ ಯಂತ್ರವಿಜ್ಞಾನಿ ಫ್ರಾಂಟ್ಸ್ ರೂಲೋ 1900ರಲ್ಲಿ ಮತ್ತೆ ಬಿರುಕಿನ ಕಥೆಯನ್ನೇ ಹೇಳಿದ. ದೊಡ್ಡ ಹೆಸರು, ಕೆಲಕಾಲ ಜನ ಅದನ್ನೇ ನಂಬಿದರು. ತೀಮೆ ಮತ್ತು ಮ್ಯಾಲಕ್ ಮಾತು ಮೂಲೆ ಸೇರಿತು.

26 ವರ್ಷ, 360 ಟನ್ ಚಿಪ್

ಇತ್ತ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಮಿಡ್‌ವೇಲ್ ಸ್ಟೀಲ್ ಎಂಬ ಕಾರ್ಖಾನೆಯಲ್ಲಿ, ಫ್ರೆಡ್ರಿಕ್ ವಿನ್ಸ್‌ಲೋ ಟೇಲರ್ ಅನ್ನೋ ಯುವಕ 1880ರಲ್ಲಿ ಪ್ರಯೋಗ ಶುರು ಮಾಡಿದ. ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ಸ್ಟಾಪ್‌ವಾಚ್ ಹಿಡಿದು ಬರ್ತಾನಲ್ಲ, ಅದೇ ಟೇಲರ್. ಲೇತ್ ಎಷ್ಟು ವೇಗದಲ್ಲಿ ಓಡಬೇಕು, ಟೂಲ್ ಯಾವ ಆಕಾರದಲ್ಲಿರಬೇಕು ಅಂತ ಆರು ತಿಂಗಳಲ್ಲಿ ಕಂಡುಹಿಡಿದುಬಿಡ್ತೀನಿ ಅಂತ ಅವನ ಅಂದಾಜು. ಹಿಡಿದದ್ದು 26 ವರ್ಷ. ಸಾಫ್ಟ್‌ವೇರ್ ಪ್ರಾಜೆಕ್ಟಿನವರು ಯಾರೂ ಇದಕ್ಕೆ ಆಶ್ಚರ್ಯಪಡಲಿಕ್ಕಿಲ್ಲ.

1906ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಅಧ್ಯಕ್ಷನಾಗಿ ಅವನು ಮಂಡಿಸಿದ ಪ್ರಬಂಧದ ಹೆಸರು 'ಆನ್ ದಿ ಆರ್ಟ್ ಆಫ್ ಕಟಿಂಗ್ ಮೆಟಲ್ಸ್'. 30,000ದಿಂದ 50,000 ಪ್ರಯೋಗಗಳು, 8 ಲಕ್ಷ ಪೌಂಡಿಗೂ ಹೆಚ್ಚು ಉಕ್ಕು ಮತ್ತು ಕಬ್ಬಿಣ ಚಿಪ್ ಆಗಿ ಹೋಯ್ತು ಅಂತ ಲೆಕ್ಕ ಕೊಟ್ಟ. ನಮ್ಮ ಲೆಕ್ಕದಲ್ಲಿ ಸುಮಾರು 360 ಟನ್.

ಸಿಕ್ಕಿದ್ದೂ ಕಮ್ಮಿಯೇನಲ್ಲ. ವಜ್ರದ ಆಕಾರದ ಮೊನಚು ಮೂತಿಗಿಂತ ದುಂಡು ಮೂತಿಯ ಟೂಲ್ ಹೆಚ್ಚು ವೇಗ ತಾಳುತ್ತೆ ಅನ್ನೋದು ಮೊದಲ ಶೋಧ. ಚಿಪ್ ಏಳುವ ಜಾಗಕ್ಕೇ ನೀರು ಧಾರೆಯಾಗಿ ಬಿಟ್ಟರೆ ಕತ್ತರಿಸುವ ವೇಗವನ್ನ ಶೇಕಡ 40ರವರೆಗೆ ಏರಿಸಬಹುದು ಅನ್ನೋದು ಇನ್ನೊಂದು. ಕ್ಲಿಯರೆನ್ಸ್ 6 ಡಿಗ್ರಿ, ಹಿಂದಿನ ಇಳಿಜಾರು 8 ಡಿಗ್ರಿ, ಪಕ್ಕದ ಇಳಿಜಾರು ಗಟ್ಟಿ ಲೋಹಕ್ಕೆ 14, ಮೆತ್ತನೆ ಉಕ್ಕಿಗೆ 22 ಅಂತ ಕೋನಗಳನ್ನ ಅಂಕಿಯಲ್ಲಿ ಕಟ್ಟಿಹಾಕಿದ. ಬೆತ್ಲೆಹೆಮ್ ಸ್ಟೀಲ್‌ನಲ್ಲಿ ಮಾನ್ಸೆಲ್ ವೈಟ್ ಜೊತೆ ಸೇರಿ ಹೈಸ್ಪೀಡ್ ಸ್ಟೀಲ್ ಹದ ಮಾಡೋ ವಿಧಾನ ಕಂಡುಹಿಡಿದ. ಟೂಲ್ ಉಕ್ಕನ್ನ ಅಷ್ಟು ಕಾಯಿಸಿದರೆ ಕೆಟ್ಟೇಹೋಗುತ್ತೆ ಅಂತ ಕುಲುಮೆಯವರೆಲ್ಲ ನಂಬಿದ್ದರು. ಕರಗೋ ಹತ್ತಿರಕ್ಕೆ ಕಾಯಿಸಿದ ಮೇಲೆ ಅದು ಇನ್ನೂ ಗಟ್ಟಿಮುಟ್ಟಾಗಿ ಬಂತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದರ ಟೂಲ್ ಕೆಂಪಗೆ ಕಾದರೂ ಕತ್ತರಿಸ್ತಲೇ ಇದ್ದದ್ದು, ಚಿಪ್‌ಗಳು ನೀಲಿಯಾಗಿ ಉದುರಿದ್ದು ನೋಡಿ ಯುರೋಪಿನ ಎಂಜಿನಿಯರುಗಳು ದಂಗಾದರು.

ಒಂದು ವಿಷಯ ಮಾತ್ರ ಅವನಿಗೆ ಪೂರ್ತಿ ದಕ್ಕಲಿಲ್ಲ. ಚಿಪ್ ಲೋಹದಿಂದ ಹರಿದು ಬರುತ್ತೆ ಅಂತಲೇ ಟೇಲರ್ ಬರೆದ. ಟೂಲ್ ಎಷ್ಟು ಹೊತ್ತು ಬಾಳುತ್ತೆ ಅನ್ನೋದಕ್ಕೆ ಸೂತ್ರ ಕೊಟ್ಟ, ಆ ಸೂತ್ರ ಇವತ್ತಿಗೂ ಎಲ್ಲ ಎಂಜಿನಿಯರಿಂಗ್ ಕಾಲೇಜಿನಲ್ಲಿ ಹೇಳಿಕೊಡ್ತಾರೆ. ಆದರೆ ಕೋನ ಬದಲಾದರೆ ಚಿಪ್ ಯಾಕೆ ಬದಲಾಗುತ್ತೆ ಅನ್ನೋದಕ್ಕೆ ಅವನ ಹತ್ತಿರ ಕೋಷ್ಟಕ ಇತ್ತು, ಕಾರಣ ಇರಲಿಲ್ಲ.

ಸಾಣೆಕಲ್ಲು ಯಾರದ್ದು?

ಟೇಲರ್‌ಗಿಂತ ಮೊದಲು ಪ್ರತಿ ಟರ್ನರ್ ತನ್ನ ಟೂಲ್ ತಾನೇ ಸಾಣೆ ಹಿಡಿದುಕೊಳ್ತಿದ್ದ. ಯಾವ ಉಕ್ಕಿಗೆ ಎಷ್ಟು ಓರೆ ಅನ್ನೋದು ಅವನ ಕೈಯಲ್ಲಿತ್ತು, ಗುರುವಿನಿಂದ ಶಿಷ್ಯನಿಗೆ ಬಂದಿತ್ತು. ಆ ವಿದ್ಯೆಯೇ ಅವನ ಬಂಡವಾಳ. ಮಾಲೀಕ ಅವನನ್ನ ಸುಲಭವಾಗಿ ಬಿಡೋಕಾಗ್ತಿರಲಿಲ್ಲ, ಈ ಕೆಲಸಕ್ಕೆ ಇಷ್ಟೇ ಹೊತ್ತು ಸಾಕು ಅಂತ ತಕರಾರು ಮಾಡೋಕೂ ಆಗ್ತಿರಲಿಲ್ಲ.

ಟೇಲರ್ ಸಾಣೆ ಹಿಡಿಯೋದನ್ನ ಟೂಲ್ ರೂಮಿಗೆ ಸಾಗಿಸಿದ. ಕೋನಕ್ಕೆ ಮಾದರಿ ಬಂತು, ವೇಗಕ್ಕೆ ಚೀಟಿ ಬಂತು. ಲೋಹ ಕತ್ತರಿಸೋದ್ರಲ್ಲಿ 12 ಅಂಶಗಳಿವೆ, ಅಷ್ಟನ್ನೂ ಅಂದಾಜಿನ ಮೇಲೆ ತೂಗಿ ನೋಡೋಕೆ ಯಾವ ಕೆಲಸಗಾರನಿಂದಲೂ ಸಾಧ್ಯವಿಲ್ಲ ಅನ್ನೋದು ಅವನ ವಾದ. ಅವನ ಸಹಾಯಕ ಕಾರ್ಲ್ ಬಾರ್ತ್ ಅದಕ್ಕೊಂದು ಸ್ಲೈಡ್ ರೂಲ್ ಮಾಡಿಕೊಟ್ಟ, ಅರ್ಧ ನಿಮಿಷದಲ್ಲಿ ಉತ್ತರ. ಗಣಿತದ ಮಟ್ಟಿಗೆ ಟೇಲರ್ ಹೇಳಿದ್ದು ಸರಿಯೇ. ಉತ್ಪಾದನೆ ಏರಿತು, ಅವನ ಲೆಕ್ಕದಂತೆ ದುಡಿದವನಿಗೆ ಕೂಲಿಯೂ ಹೆಚ್ಚು ಕೊಡಬೇಕು ಅಂತ ಅವನೇ ಹೇಳ್ತಿದ್ದ. ಆದರೆ ಯೋಚನೆ ಆಫೀಸಿನಲ್ಲಿ, ಕೈ ಮಾತ್ರ ಲೇತ್ ಹತ್ತಿರ ಅನ್ನೋ ಗೋಡೆ ಎದ್ದದ್ದೂ ಅಲ್ಲೇ.

1911ರ ಆಗಸ್ಟಿನಲ್ಲಿ ಅಮೆರಿಕ ಸೈನ್ಯದ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಎರಕ ಹೊಯ್ಯುವವನೊಬ್ಬನ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಂತಾಗ ಎರಕದ ಕೆಲಸಗಾರರು ಕೆಲಸ ಬಿಟ್ಟು ಆಚೆ ನಡೆದರು. ಅಮೆರಿಕದ ಸಂಸತ್ತು ವಿಚಾರಣೆ ನಡೆಸಿತು. 1912ರ ಜನವರಿಯಲ್ಲಿ ಟೇಲರ್ ಖುದ್ದಾಗಿ ಬಂದು ಉತ್ತರ ಕೊಡಬೇಕಾಯ್ತು. ಮುಂದೆ ಸರ್ಕಾರಿ ಶಸ್ತ್ರಾಗಾರಗಳಲ್ಲಿ ಸ್ಟಾಪ್‌ವಾಚ್ ಅಧ್ಯಯನಕ್ಕೆ ಹಣ ಬಳಸಬಾರದು ಅಂತ ನಿರ್ಬಂಧವೂ ಬಂತು.

ನಮ್ಮ ಟೈಮ್‌ಶೀಟ್, ಎಸ್ಟಿಮೇಟ್, 'ಈ ಟಿಕೆಟ್‌ಗೆ ಎಷ್ಟು ಗಂಟೆ' ಅನ್ನೋ ಪ್ರಶ್ನೆಗಳಿಗೆಲ್ಲ ಅಜ್ಜ ಯಾರು ಅಂತ ಹುಡುಕಿದರೆ ಈ ಲೇತ್ ಹತ್ತಿರವೇ ಬಂದು ನಿಲ್ತೀವಿ. ಹತ್ತು ವರ್ಷ ಒಂದೇ ಸಿಸ್ಟಮ್ ನೋಡಿಕೊಂಡ ಎಂಜಿನಿಯರ್ ತಲೆಯಲ್ಲಿರೋದನ್ನೆಲ್ಲ ಡಾಕ್ಯುಮೆಂಟ್ ಮಾಡು ಅಂದಾಗ ಅವನಿಗೆ ಆಗುವ ಇರುಸುಮುರುಸು ಹೊಸದೇನಲ್ಲ. ಬರೆದಿಟ್ಟರೆ ಎಲ್ಲರಿಗೂ ಒಳ್ಳೇದು, ಅದು ನಿಜ. ಬರೆದಿಟ್ಟ ಮೇಲೆ ತನ್ನ ಬೆಲೆ ಏನು ಅನ್ನೋ ಅವನ ಭಯವೂ ಅಷ್ಟೇ ನಿಜ.

ಇಸ್ಪೀಟು ಕಟ್ಟು

'ಯಾಕೆ' ಅನ್ನೋದಕ್ಕೆ ಉತ್ತರ ಬರೋಕೆ ಇನ್ನೂ ಮೂವತ್ತು ವರ್ಷ ಬೇಕಾಯ್ತು. 1937ರಲ್ಲಿ ಫಿನ್ಲೆಂಡಿನ ವೈನೋ ಪೀಸ್ಪಾನೆನ್ ಒಂದು ಸರಳ ಚಿತ್ರ ಕೊಟ್ಟ. ಇಸ್ಪೀಟು ಕಟ್ಟನ್ನ ಓರೆಯಾಗಿ ಹಿಡಿದು ಒಂದು ಕಡೆಯಿಂದ ತಳ್ಳಿ. ಒಂದೊಂದು ಎಲೆಯೂ ಪಕ್ಕದ ಎಲೆಯ ಮೇಲೆ ಚೂರು ಚೂರೇ ಜಾರುತ್ತೆ. ಟೂಲ್ ಮುಂದೆ ಲೋಹಕ್ಕೆ ಆಗೋದೂ ಇದೇ. ಅವನು ಬರೆದದ್ದು ಫಿನ್ನಿಷ್ ಭಾಷೆಯಲ್ಲಿ, ಹೊರಗಿನವರಿಗೆ ಹೆಚ್ಚು ತಲುಪಲಿಲ್ಲ. ಇಂಗ್ಲಿಷಿನಲ್ಲಿ ಬಂದದ್ದು 1948ರಲ್ಲಿ.

ಅಷ್ಟರಲ್ಲಿ ಅಮೆರಿಕದ ಸಿನ್ಸಿನಾಟಿ ಮಿಲ್ಲಿಂಗ್ ಮಷೀನ್ ಕಂಪನಿಯಲ್ಲಿ ಹಾನ್ಸ್ ಅರ್ನ್ಸ್ಟ್ ಚಿಪ್‌ಗಳನ್ನ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡ್ತಿದ್ದ. 1938ರಲ್ಲಿ ಅವುಗಳನ್ನ ಮೂರು ಜಾತಿ ಮಾಡಿದ. ಎರಕದ ಕಬ್ಬಿಣದಂಥ ಪೆಡಸು ಲೋಹದಿಂದ ಬರೋ ತುಂಡು ತುಂಡು ಚಿಪ್ ಒಂದು. ಮೆದು ಲೋಹದಿಂದ ನಯವಾಗಿ ಹರಿದು ಬರೋ ಉದ್ದ ಸುರುಳಿ ಇನ್ನೊಂದು. ಮೂರನೆಯದು ತಂಟೆಕೋರ. ಸುರುಳಿ ಬರುತ್ತೆ, ಆದರೆ ಕಾವಲಿಗೆ ದೋಸೆ ಹಿಟ್ಟು ಅಂಟೋ ಹಾಗೆ ಟೂಲಿನ ಮೂತಿಗೆ ಲೋಹ ಮೆತ್ತಿಕೊಳ್ಳುತ್ತೆ. ಆಗ ಕತ್ತರಿಸ್ತಿರೋದು ನೀವು ಸಾಣೆ ಹಿಡಿದ ಕೋನವೇ ಅಲ್ಲ, ಮೆತ್ತಿಕೊಂಡ ಗಂಟು. ಅದು ಆಗಾಗ ಕಿತ್ತು ಜಾಬ್ ಮೈಗೆ ಅಂಟಿ ಫಿನಿಷ್ ಹಾಳುಮಾಡುತ್ತೆ. ರೇಕ್ ಹೆಚ್ಚಿಸಿದರೆ, ವೇಗ ಏರಿಸಿದರೆ, ಒಳ್ಳೇ ಎಣ್ಣೆ ಬಿಟ್ಟರೆ ಈ ಕಾಟ ತಗ್ಗುತ್ತೆ.

ಅರ್ನ್ಸ್ಟ್ ಜೊತೆ ಸೇರಿದವನು ಯೂಜೀನ್ ಮರ್ಚೆಂಟ್. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್‌ಗೆ ಹಾರಿದವರಿಗೂ 'ಮರ್ಚೆಂಟ್ ಸರ್ಕಲ್ ಬಿಡಿಸಿ ವಿವರಿಸಿ' ಅನ್ನೋ ಪರೀಕ್ಷೆ ಪ್ರಶ್ನೆ ನೆನಪಿರುತ್ತೆ. 1941ರಲ್ಲಿ ಅರ್ನ್ಸ್ಟ್ ಜೊತೆ, 1945ರಲ್ಲಿ ಒಬ್ಬನೇ ಬರೆದ ಪ್ರಬಂಧಗಳಲ್ಲಿ ಅವನು ಚಿಪ್ ಮೇಲಿನ ಬಲಗಳನ್ನೆಲ್ಲ ಒಂದು ವೃತ್ತದೊಳಗೆ ಕೂರಿಸಿದ. ಲೋಹ ಜಾರುವ ಆ ಓರೆ ಗೆರೆಯ ಕೋನ ಎಷ್ಟು? 45 ಡಿಗ್ರಿಗೆ ರೇಕ್ ಕೋನದ ಅರ್ಧ ಕೂಡಿಸಿ, ಘರ್ಷಣೆ ಕೋನದ ಅರ್ಧ ಕಳೆಯಿರಿ.

ಲೆಕ್ಕ ಹಾಕಿಯೇ ನೋಡೋಣ. ಘರ್ಷಣೆ ಕೋನ 40 ಅಂದುಕೊಳ್ಳಿ. ರೇಕ್ 10 ಆದರೆ 45 ಕೂಡಿಸು 5, ಕಳೆ 20, ಒಟ್ಟು 30 ಡಿಗ್ರಿ. 0.2 ಮಿಲಿಮೀಟರ್ ಪದರ ಸುಮಾರು 0.38 ಮಿಲಿಮೀಟರ್ ಚಿಪ್ ಆಗಿ ಬರುತ್ತೆ. ಅದೇ ರೇಕ್ ಅನ್ನು ಮೈನಸ್ 6ಕ್ಕೆ ಇಳಿಸಿದರೆ ಜಾರುವ ಕೋನ 22. ಚಿಪ್ ದಪ್ಪ ಸುಮಾರು 0.47. ದಪ್ಪ ಚಿಪ್ ಅಂದ್ರೆ ಲೋಹವನ್ನ ಹೆಚ್ಚು ಹಿಸುಕಿದ್ದೀರಿ, ಹೆಚ್ಚು ಬಲ ಹಾಕಿದ್ದೀರಿ, ಹೆಚ್ಚು ಬಿಸಿ ಮಾಡಿದ್ದೀರಿ. ಮೂತಿ ಹದಿನಾರು ಡಿಗ್ರಿ ಬಗ್ಗಿದ್ದು ಕೆಳಗೆ ಬಿದ್ದ ಸುರುಳಿಯಲ್ಲಿ ದಾಖಲಾಗಿದೆ! ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಚಿಪ್ ಅನ್ನೋದು ಲಾಗ್ ಫೈಲ್. ಅಷ್ಟು ವರ್ಷ ಅದನ್ನ ಓದದೇ ಡಿಲೀಟ್ ಮಾಡ್ತಿದ್ದರು.

ಮರ್ಚೆಂಟ್ ಸೂತ್ರ ಪ್ರಯೋಗಕ್ಕೆ ಯಾವಾಗಲೂ ಸರಿಯಾಗಿ ಹೊಂದಲ್ಲ. 1951ರಲ್ಲಿ ಲೀ ಮತ್ತು ಶಾಫರ್ ಬೇರೆ ಸೂತ್ರ ಕೊಟ್ಟರು, ಅದೂ ಎಲ್ಲ ಲೋಹಕ್ಕೆ ಒಪ್ಪಲಿಲ್ಲ. ಆದರೆ ದಿಕ್ಕು ಸರಿ ಇತ್ತು. ತೀಮೆ 1870ರಲ್ಲಿ ಹೇಳಿದ ಜಾರುವ ಗೆರೆಗೆ ಕೊನೆಗೂ ಒಂದು ಗಣಿತ ಸಿಕ್ಕಿತು.

ತುಮಕೂರು ರಸ್ತೆಗೆ ಬಂದ ಮೂತಿ

ಪಾಸಿಟಿವ್ ರೇಕ್ ಅಷ್ಟು ಒಳ್ಳೇದಾದರೆ ನೆಗೆಟಿವ್ ಯಾಕೆ ಬೇಕು? ಕಾರ್ಬೈಡ್ ಕಾರಣಕ್ಕೆ. 1920ರ ದಶಕದ ಕೊನೆಯಲ್ಲಿ ಜರ್ಮನಿಯ ಕ್ರುಪ್ ಕಂಪನಿ ಟಂಗ್‌ಸ್ಟನ್ ಕಾರ್ಬೈಡ್ ಟೂಲುಗಳನ್ನ ಮಾರುಕಟ್ಟೆಗೆ ತಂದಿತು. ಹೆಸರು ವಿಡಿಯಾ, 'ವಜ್ರದ ಹಾಗೆ' ಅನ್ನೋ ಜರ್ಮನ್ ಮಾತಿನಿಂದ ಮಾಡಿದ್ದು. ಬಹಳ ಗಟ್ಟಿ, ಕೆಂಪಗೆ ಕಾದರೂ ಜಗ್ಗಲ್ಲ. ಆದರೆ ಗಾಜಿನ ಬುದ್ಧಿ. ಒತ್ತಿದರೆ ತಡೆಯುತ್ತೆ, ಎಳೆದರೆ, ಬಗ್ಗಿಸಿದರೆ ಚೂರಾಗುತ್ತೆ. ಮೂತಿ ಮುಂದಕ್ಕೆ ವಾಲಿಸಿದರೆ ಬಲವೆಲ್ಲ ಒತ್ತುವ ಕಡೆಗೆ ತಿರುಗುತ್ತೆ, ಅಂಚು ಉಳಿಯುತ್ತೆ. ಬಲ ಹೆಚ್ಚು ಬೇಕು, ಮೋಟಾರು ದೊಡ್ಡದು ಬೇಕು, ಇರಲಿ ಅಂತ ಜಗತ್ತು ಒಪ್ಪಿಕೊಂಡಿತು.

ವೇಗ ಹೆಚ್ಚಿದ್ದಕ್ಕೆ ಹೊಸ ಸಮಸ್ಯೆಯೂ ಬಂತು. ಮೀಟರುಗಟ್ಟಲೆ ಉದ್ದದ ಸುಡುಸುಡು ರಿಬ್ಬನ್ ಜಾಬಿಗೆ, ಯಂತ್ರಕ್ಕೆ, ಕೆಲವೊಮ್ಮೆ ಮನುಷ್ಯನ ಕೈಗೆ ಸುತ್ತಿಕೊಳ್ಳತೊಡಗಿತು. ಅದಕ್ಕೇ ಟೂಲಿನ ಮುಖದ ಮೇಲೆ ಸಣ್ಣ ಮೆಟ್ಟಿಲು, ಕಾಲುವೆ, ಉಬ್ಬುಗಳು ಬಂದವು. ಚಿಪ್ ಅದಕ್ಕೆ ತಾಗಿ ಬಿಗಿಯಾಗಿ ಸುರುಳಿ ಸುತ್ತಿ, 6 ಅಥವಾ 9ರ ಆಕಾರದಲ್ಲಿ ಪಟಪಟ ಮುರಿದು ಬೀಳುತ್ತೆ. ಇದಕ್ಕೆ ಚಿಪ್ ಬ್ರೇಕರ್ ಅಂತಾರೆ. ಮನುಷ್ಯರಿಲ್ಲದೆ ರಾತ್ರಿಯಿಡೀ ಓಡುವ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಮ್ ಎಷ್ಟು ಮುಖ್ಯವೋ ಈ ಕಾಲುವೆಯೂ ಅಷ್ಟೇ ಮುಖ್ಯ. ಚಿಪ್ ಮುರಿಯದಿದ್ದರೆ ಕೋಡ್ ಎಷ್ಟು ಚೆನ್ನಾಗಿದ್ದರೂ ಬೆಳಗ್ಗೆ ಹೊತ್ತಿಗೆ ಯಂತ್ರ ನಿಂತಿರುತ್ತೆ.

ಈ ಕಥೆಯ ಒಂದು ಕೊನೆ ನಮ್ಮೂರಲ್ಲೇ ಇದೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಅರ್ಲಿಕಾನ್ ಸಹಯೋಗದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾಯ್ತು. ವಾಚಿಗಿಂತ ಮೊದಲು ಅದು ಮಾಡಿದ್ದು ಲೇತ್. 1962ರಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣ ಸಂಶೋಧನೆಗೆ ಸಿಎಂಟಿಐ ಬಂತು. 1964ರಲ್ಲಿ ಸ್ಥಾಪನೆಯಾದ ವಿಡಿಯಾ ಇಂಡಿಯಾ ಕೂಡ ಇದೇ ರಸ್ತೆಯಲ್ಲಿ ಕಾರ್ಬೈಡ್ ಟೂಲ್ ಮಾಡಿತು, ಇವತ್ತು ಅದರ ಹೆಸರು ಕೆನ್ನಾಮೆಟಲ್ ಇಂಡಿಯಾ. ಇವುಗಳ ಸುತ್ತಮುತ್ತಲೇ ಪೀಣ್ಯದ ಸಾವಿರಾರು ಸಣ್ಣ ಶೆಡ್ಡುಗಳು ಬೆಳೆದವು. ಐಟಿ ಬರೋದಕ್ಕೆ ಮೊದಲೇ ಹಳ್ಳಿ ಹುಡುಗರಿಗೆ ಬೆಂಗಳೂರಿನ ಬಾಗಿಲು ತೆರೆದದ್ದು ಐಟಿಐ ಸರ್ಟಿಫಿಕೇಟು ಮತ್ತು ಒಂದು ಲೇತ್.

ಈಗ ಟರ್ನರ್ ಸಾಣೆ ಹಿಡಿಯೋದು ಕಮ್ಮಿ. ಕೋನ ಕಾರ್ಖಾನೆಯಲ್ಲೇ ಇನ್ಸರ್ಟ್ ಒಳಗೆ ಕೂತು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತೆ, ವೇಗ ಎಷ್ಟು ಅಂತ ಡಬ್ಬಿ ಮೇಲೇ ಬರೆದಿರುತ್ತೆ. ಟೇಲರ್ ಬಯಸಿದ್ದು ಹೆಚ್ಚುಕಮ್ಮಿ ಪೂರ್ತಿ ನಡೆದುಹೋಗಿದೆ. ಆದರೂ ಹೊಸ ಜಾಬ್ ಹತ್ತಿದಾಗ ಅನುಭವಸ್ಥ ಆಪರೇಟರ್ ಸ್ಕ್ರೀನ್ ಜೊತೆಗೆ ಚಿಪ್ ಟ್ರೇ ಕಡೆಗೂ ಕಣ್ಣು ಹಾಯಿಸ್ತಾನೆ. ಬಣ್ಣ ತೀರಾ ಕಡುನೀಲಿಗೆ ತಿರುಗಿದೆಯಾ, ಸುರುಳಿ ಮುರೀತಿದೆಯಾ, ಸದ್ದು ಬದಲಾಗಿದೆಯಾ? ಆಮೇಲೆ ಒಂದು ಗುಂಡಿ ತಿರುಗಿಸಿ ಫೀಡ್ ಚೂರು ಹೆಚ್ಚಿಸ್ತಾನೆ, ವೇಗ ಚೂರು ಇಳಿಸ್ತಾನೆ. ಡಬ್ಬಿ ಮೇಲೆ ಬರೆಯದ ಆ ಚೂರು ಇನ್ನೂ ಅವನ ಹತ್ತಿರವೇ ಇದೆ. ಅದಕ್ಕೆ ಅವನ ಸಂಬಳದಲ್ಲಿ ಎಷ್ಟು ಬೆಲೆ ಕಟ್ಟಿದ್ದಾರೆ ಅನ್ನೋದನ್ನ, ಮುಂದಿನ ಸಲ ಹಸಿರು ಮೆಟ್ರೋದಲ್ಲಿ ಪೀಣ್ಯ ದಾಟುವಾಗ ಯೋಚಿಸಿ ನೋಡಿ.